ರಾಹುವಿನ ಲೆಕ್ಕ ಹಾಕಿದವರು

ಕುಮಟಾ, ಹೊನ್ನಾವರ, ಶಿರಸಿ ಕಡೆಯ ಎಷ್ಟೋ ಮನೆಗಳಲ್ಲಿ ಬಗ್ಗೋಣ ಪಂಚಾಂಗ ಕೈಗೆಟುಕುವ ಜಾಗದಲ್ಲೇ ಇರುತ್ತದೆ. ಇಂಥ ಪಂಚಾಂಗಗಳಲ್ಲಿ ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷದ ಹೊತ್ತು ಗಂಟೆ-ನಿಮಿಷ ಸಮೇತ ಅಚ್ಚಾಗಿರುತ್ತದೆ. ಪಕ್ಕದಲ್ಲೇ ಯಾವ ರಾಶಿಗೆ ದೋಷ, ಊಟ ಯಾವಾಗ ಬಿಡಬೇಕು, ಏನು ದಾನ ಕೊಡಬೇಕು ಎಂಬುದೂ ಇರುತ್ತದೆ. ಹೊತ್ತು ಹೇಳುವ ಸಾಲು ನೆರಳಿನ ಲೆಕ್ಕದಿಂದ ಬಂದದ್ದು. ದಾನ ಹೇಳುವ ಸಾಲು ರಾಹುವನ್ನು ನಂಬಿಕೊಂಡದ್ದು. ಎರಡೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಕೂತಿವೆ. ವಿಜ್ಞಾನ ಒಳಗೆ ಬಂದರೆ ದೇವರು ಹೊರಗೆ ಹೋಗಲೇಬೇಕು ಎಂದು ವಾದಿಸುವವರಿಗೆ ಈ ಪುಟ ಸ್ವಲ್ಪ ಕಷ್ಟ ಕೊಡುತ್ತದೆ. ಇವೆರಡೂ ಒಟ್ಟಿಗೆ ಕೂತದ್ದು ಹೇಗೆಂದು ತಿಳಿಯಲು ಸುಮಾರು 1500 ವರ್ಷ ಹಿಂದೆ ಹೋಗಬೇಕು.

ಆರ್ಯಭಟ 499ರ ಸುಮಾರಿಗೆ ಬರೆದ ‘ಆರ್ಯಭಟೀಯ’ದಲ್ಲಿ ಸುತ್ತುಬಳಸು ಇಲ್ಲ. ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ, ಅಷ್ಟೇ. ಮುಂದಿನ ಶತಮಾನದ ವರಾಹಮಿಹಿರನೂ ಇದನ್ನು ಒಪ್ಪಿದ. ಆದರೆ ಜನ ಗ್ರಹಣ ಕಾಲದಲ್ಲಿ ಮಾಡುವ ಹೋಮ, ದಾನಗಳನ್ನು ಏನು ಮಾಡುವುದು? ಅವನು ಒಂದು ಜಾಣ ದಾರಿ ಹಿಡಿದ. ಆ ಹೊತ್ತಿನ ದಾನ-ಹೋಮದಲ್ಲಿ ರಾಹುವಿಗೂ ಪಾಲು ಸಿಗಲಿ ಎಂದು ಬ್ರಹ್ಮ ವರ ಕೊಟ್ಟಿದ್ದಾನೆ, ಹಾಗಾಗಿ ರಾಹು ಅಲ್ಲಿರುತ್ತಾನೆ ಎಂದ. ಅಂದರೆ ಗ್ರಹಣ ಮಾಡುವ ಕೆಲಸದಿಂದ ರಾಹುವನ್ನು ಬಿಡಿಸಿ, ಊಟಕ್ಕೆ ಬರುವ ನೆಂಟನನ್ನಾಗಿ ಮಾಡಿದ.

ಬ್ರಹ್ಮಗುಪ್ತನ ಕತೆ ಇನ್ನೂ ವಿಚಿತ್ರ. 628ರಲ್ಲಿ ಬರೆದ ತನ್ನ ಗ್ರಂಥದಲ್ಲಿ, ರಾಹು ಕಾರಣವಲ್ಲ ಎನ್ನುವವರು ಶಾಸ್ತ್ರಕ್ಕೆ ವಿರುದ್ಧ ಎಂದು ಆಕ್ಷೇಪಿಸಿದ. ಲೆಕ್ಕ ಮಾಡುವಾಗ ಮಾತ್ರ ತಾನೂ ಅದೇ ನೆರಳಿನ ಗಣಿತವನ್ನೇ ಬಳಸಿದ! ನಾಲ್ಕು ಶತಮಾನದ ನಂತರ ಇದನ್ನು ಓದಿದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿಗೆ ಆಶ್ಚರ್ಯವಾಯಿತು. ಇಷ್ಟು ದೊಡ್ಡ ಗಣಿತಜ್ಞ ಮನಸ್ಸಾಕ್ಷಿಗೆ ವಿರುದ್ಧವಾಗಿ ಬರೆದಿದ್ದಾನೆ ಅಂದರೆ, ವಿಷ ಕುಡಿದು ಸಾಯಬೇಕಾದ ಸಾಕ್ರೆಟಿಸನಿಗೆ ಆದಂಥ ಗತಿಯ ಅಂಜಿಕೆ ಇದ್ದಿರಬೇಕು ಎಂದು ಅವನು ಊಹಿಸಿದ. ನನಗೆ ಈ ಊಹೆ ಪೂರ್ತಿ ಒಪ್ಪಿಗೆಯಿಲ್ಲ. ಅಂಜಿಕೆಯೇ ಇದ್ದಿದ್ದರೆ ಲೆಕ್ಕವನ್ನೂ ಮುಚ್ಚಿಡಬೇಕಿತ್ತು, ಅಲ್ವಾ? ಅವನಿಗೆ ಎರಡೂ ಬೇಕಿದ್ದವು ಅನಿಸುತ್ತದೆ.

ಇತ್ತ ರಾಹು-ಕೇತುಗಳು ಲೆಕ್ಕದೊಳಗೇ ಸೇರಿಕೊಂಡರು. ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಎರಡೂ ದಾರಿ ಕೂಡುವ ಎರಡು ಬಿಂದುಗಳೇ ರಾಹು ಮತ್ತು ಕೇತು. ಅಮಾವಾಸ್ಯೆ ಹೊತ್ತಿಗೆ ಸೂರ್ಯ, ಚಂದ್ರ ಈ ಬಿಂದುವಿನ ಹತ್ತಿರ ಇದ್ದರೆ ಸೂರ್ಯಗ್ರಹಣ. ದೂರ ಇದ್ದರೆ ಏನೂ ಇಲ್ಲ. ತಿಂಗಳಿಗೊಂದು ಗ್ರಹಣ ಆಗದಿರುವುದು ಇದಕ್ಕೇ. ಈ ಬಿಂದುಗಳು ಹಿಂದಕ್ಕೆ ಸರಿಯುತ್ತಾ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ರಾಹು ಒಂದು ರಾಶಿಯಲ್ಲಿ ಸುಮಾರು ಒಂದೂವರೆ ವರ್ಷ ಇರುತ್ತಾನೆ ಅಂತ ಜೋಯಿಸರು ಹೇಳುವುದೂ ಇದೇ ಲೆಕ್ಕ. ರಾಕ್ಷಸನ ತಲೆ ಕತ್ತರಿಸಿದ್ದು ವಿಷ್ಣು, ಅವನನ್ನು ಬಿಂದು ಮಾಡಿದ್ದು ಗಣಿತದವರು.

ನಿಜವಾದ ತಗಾದೆ ಜೋರಾದದ್ದು 19ನೇ ಶತಮಾನದಲ್ಲಿ. ಅದೂ ದೇವರಿದ್ದಾನೋ ಇಲ್ಲವೋ ಎಂದಲ್ಲ, ತಿಥಿ ಯಾವಾಗ ಎಂದು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ನಮ್ಮ ಜಮಖಂಡಿಯಲ್ಲೂ ಬ್ರಿಟಿಷ್ ತಂಡ ಬೀಡು ಬಿಟ್ಟಿತ್ತು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಇದ್ದ. ಆಗ ಸೂರ್ಯನ ಬೆಳಕಿನ ವರ್ಣಪಟಲದಲ್ಲಿ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂನ ಗುರುತಾಯಿತು. ಅದೇ ಗ್ರಹಣವನ್ನು ವನಪರ್ತಿಯಲ್ಲಿ ನೋಡಿದ ತಂಡವನ್ನು ನಡೆಸಿದವರು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು. ದುರ್ಬೀನಿನಲ್ಲಿ ಕಂಡದ್ದಕ್ಕೂ ಹಳೆಯ ಕೋಷ್ಟಕಗಳಿಗೂ ತಾಳೆಯಾಗುವುದಿಲ್ಲ ಎಂದು ಅವರು ದೃಗ್ಗಣಿತ ಪಂಚಾಂಗ, ಅಂದರೆ ಆಕಾಶದಲ್ಲಿ ಕಂಡದ್ದಕ್ಕೆ ತಾಳೆಯಾಗುವ ಪಂಚಾಂಗ, ತಂದರು. ನರಗುಂದದಲ್ಲಿ ಹುಟ್ಟಿ ಶಾಲಾ ಮಾಸ್ತರರಾಗಿದ್ದ ವೆಂಕಟೇಶ ಬಾಪೂಜಿ ಕೇತ್ಕರ್ ಕೂಡ ಹೊಸ ಖಗೋಳ ಲೆಕ್ಕವನ್ನು ಸಂಸ್ಕೃತದ ‘ಜ್ಯೋತಿರ್ಗಣಿತ’ದಲ್ಲಿ ಇಳಿಸಿದರು.

ವಿರೋಧಿಗಳ ವಾದವೂ ಕೇಳುವಂಥದ್ದೇ. ಕಣ್ಣಿಗೆ ಕಾಣುವ ಗ್ರಹಣಕ್ಕೆ ಹೊಸ ಲೆಕ್ಕ ಇರಲಿ, ಕಣ್ಣಿಗೆ ಕಾಣದ ಪುಣ್ಯಕ್ಕೆ ಋಷಿಗಳ ಲೆಕ್ಕವೇ ಬೇಕು ಎಂದರು. ಶ್ರಾದ್ಧ, ಏಕಾದಶಿಗಳ ದಿನ ತಪ್ಪಿದರೆ ಮನೆಯವರಿಗೆ ಅದು ಸಣ್ಣ ವಿಷಯವಲ್ಲ. ಸ್ವತಂತ್ರ ಭಾರತ ಸರ್ಕಾರ 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಗೆ ಸಮಿತಿ ಮಾಡಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಬಂತು. ಹಬ್ಬ ಎರಡು ದಿನ ಬೀಳುವ ತಕರಾರು ಮಾತ್ರ ಇವತ್ತಿಗೂ ಮುಗಿದಿಲ್ಲ.

ನಮ್ಮ ಕಾರವಾರಕ್ಕೂ ಈ ಚರ್ಚೆಯಲ್ಲಿ ಒಂದು ನಂಟಿದೆ. 1883ರಲ್ಲಿ 22ರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಕಡಲ ತೀರಕ್ಕೆ ಈಗ ಅವರದೇ ಹೆಸರು. ಮುಂದೆ 1919ರ ಸೂರ್ಯಗ್ರಹಣ ಐನ್‌ಸ್ಟೈನರ ಸಿದ್ಧಾಂತಕ್ಕೆ ಪುರಾವೆ ಕೊಟ್ಟಿತು. ಪ್ರಿನ್ಸಿಪೆ ದ್ವೀಪದಲ್ಲಿ ಅದರ ಫೋಟೋ ತೆಗೆದ ಇಂಗ್ಲೆಂಡಿನ ಖಗೋಳಜ್ಞ ಎಡಿಂಗ್ಟನ್, ಕ್ವೇಕರ್ ಎಂಬ ಕ್ರೈಸ್ತ ಪಂಥದ ದೈವಭಕ್ತ. 1930ರ ಜುಲೈ 14ರಂದು ಬರ್ಲಿನ್ ಹತ್ತಿರದ ಕಾಪುತ್‌ನಲ್ಲಿ ಠಾಕೂರರೂ ಐನ್‌ಸ್ಟೈನರೂ ಕೂತು ಮಾತಾಡಿದರು. ಮನುಷ್ಯನ ಅರಿವಿನ ಹೊರಗೆ ಸತ್ಯವಿಲ್ಲ ಎಂದು ಕವಿ. ಮನುಷ್ಯ ಇರಲಿ ಬಿಡಲಿ ಸತ್ಯ ಇದ್ದೇ ಇರುತ್ತದೆ ಎಂದು ವಿಜ್ಞಾನಿ. ಅದನ್ನು ಸಾಧಿಸಿ ತೋರಿಸಲಾರೆ, ಆದರೆ ನಂಬುತ್ತೇನೆ ಎಂದೂ ಅವರು ಒಪ್ಪಿಕೊಂಡರು. ಕೊನೆಗೆ, ‘ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ’ ಎಂದುಬಿಟ್ಟರು. ಯಾರು ಯಾವ ಕಡೆ ಎಂದು ಮೊದಲೇ ಗೆರೆ ಎಳೆದು ಕೂತವರು ಈ ಮಾತುಕತೆಯನ್ನು ಒಮ್ಮೆ ಓದಬೇಕು.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿಯ ಬೆನ್ನಿಗೇ ಬಂದ ಅಮಾವಾಸ್ಯೆ. ಅರಬ್ಬಿ ಸಮುದ್ರ ದಾಟಿ ಬಂದ ಚಂದ್ರನ ನೆರಳು ಕಾರವಾರ, ಅಂಕೋಲಾ, ಗೋಕರ್ಣದ ಕರಾವಳಿಯಲ್ಲೇ ನೆಲ ಹತ್ತಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಸೂರ್ಯ ಪೂರ್ತಿ ಮರೆಯಾದ. ವಿಜ್ಞಾನಿಗಳು ಗದಗ, ರಾಯಚೂರು ಕಡೆ ಉಪಕರಣ ಹೂಡಿದ್ದರು. ಆದರೆ ದೇಶದ ಎಷ್ಟೋ ಊರುಗಳಲ್ಲಿ ಬೀದಿ ಖಾಲಿ. ಜನ ಹೊರಗೆ ಬಾರದಿರಲಿ ಎಂದು ದೂರದರ್ಶನ ಆ ಹೊತ್ತಿಗೆ ಸಿನಿಮಾ ಹಾಕಿತ್ತು. ಕಾರಣ ಬರೀ ರಾಹು ಅಲ್ಲ. ಕಣ್ಣು ಸುಟ್ಟೀತು ಎಂಬ ವೈದ್ಯರ ಎಚ್ಚರಿಕೆಯೂ ಇತ್ತು, ಹಳೆಯ ಭಯಕ್ಕೆ ಅದೂ ಸೇರಿಕೊಂಡಿತು. ಸೂರ್ಯನ ಒಂದು ಚೂರಾದರೂ ಕಾಣುವಷ್ಟು ಹೊತ್ತು ಆ ಎಚ್ಚರಿಕೆ ಸರಿ. ಪೂರ್ತಿ ಮುಚ್ಚಿದ ಆ ಎರಡು ನಿಮಿಷ ಮಾತ್ರ ಬರಿಗಣ್ಣಲ್ಲೇ ನೋಡಬಹುದಿತ್ತು. ಬಾಗಿಲು ಹಾಕಿಕೊಂಡು ಕೂತವರಿಗೆ ಅದು ತಪ್ಪಿಹೋಯಿತಲ್ಲ, ಆ ಬೇಸರ ನನಗೆ ಇವತ್ತಿಗೂ ಇದೆ.

ಗ್ರಹಣದಲ್ಲಿ ಸಮುದ್ರ ಸ್ನಾನ ಮಾಡಿ ಜಪಕ್ಕೆ ಕೂರುವವರ ಬಗ್ಗೆ ನನ್ನದೇನೂ ತಕರಾರಿಲ್ಲ. ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿದರೂ ಯಾರಿಗೂ ನಷ್ಟವಿಲ್ಲ. ಒನಕೆ ನಿಲ್ಲಿಸುವುದು ಸುಮ್ನೆ ಮೋಜು, ತಳ ಸಮವಾಗಿದ್ದರೆ ಅದು ಯಾವ ದಿನವೂ ನಿಲ್ಲುತ್ತದೆ. ಆದರೆ ಬಸುರಿಯನ್ನು ದಿನವಿಡೀ ಉಪವಾಸ ಕೂರಿಸುವುದು ಬೇರೆ ಮಾತು. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಇದಕ್ಕೆ ವರಾಹಮಿಹಿರನ ರಾಜಿಯೂ ಸಮರ್ಥನೆ ಆಗುವುದಿಲ್ಲ.

2031ರ ಮೇ 21, ಬುಧವಾರ ಕಂಕಣ ಸೂರ್ಯಗ್ರಹಣವಿದೆ. ಪೂರ್ತಿ ಬಳೆ ಕಾಣುವುದು ಕೇರಳ, ತಮಿಳುನಾಡಿನ ದಕ್ಷಿಣದ ಊರುಗಳಿಗೆ, ನಮ್ಮ ಕರಾವಳಿಗೆ ಪಾರ್ಶ್ವ ಗ್ರಹಣ. ಪಾರ್ಶ್ವವಾದ್ದರಿಂದ ಒಂದು ಕ್ಷಣವೂ ಬರಿಗಣ್ಣಲ್ಲಿ ನೋಡುವಂತಿಲ್ಲ, ಗ್ರಹಣದ ಕನ್ನಡಕ ಬೇಕೇ ಬೇಕು. ಗೋಕರ್ಣದಲ್ಲಿ ಮುಳುಗು ಹಾಕುವವರು ಇನ್ನೊಂದು ಗಮನಿಸಬೇಕು. ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವ ದಿನ ಅದು. ಉಬ್ಬರ ಜಾಸ್ತಿ ಇರುತ್ತದೆ, ಇಳಿಯುವಾಗ ಸೆಳೆತವೂ ಜೋರು. ಮೀನುಗಾರರನ್ನು ಕೇಳಿಕೊಂಡು ನೀರಿಗೆ ಇಳಿಯಿರಿ.