ಪದ ಪರಿಚಯ: ನಗದು ವರ್ಗಾವಣೆ

ಸರ್ಕಾರ ಅಕ್ಕಿ, ಬೇಳೆ, ಸೈಕಲ್ ಕೊಡುವ ಬದಲು ದುಡ್ಡನ್ನೇ ಜನರ ಖಾತೆಗೆ ಹಾಕಿದರೆ ಅದು ನಗದು ವರ್ಗಾವಣೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ವಯಸ್ಸಾದವರ ಸಂಧ್ಯಾ ಸುರಕ್ಷಾ ಪಿಂಚಣಿ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಎಲ್ಲವೂ ಇದರೊಳಗೇ ಬರುತ್ತವೆ. ಇದು ಸಾಲ ಅಲ್ಲ, ವಾಪಸ್ ಕಟ್ಟಬೇಕಿಲ್ಲ.

ಕೆಲವು ಯೋಜನೆಗಳಿಗೆ ಷರತ್ತು ಇರುತ್ತದೆ. ಮೆಕ್ಸಿಕೊ 1997ರಲ್ಲಿ ಶುರು ಮಾಡಿದ ಪ್ರೊಗ್ರೆಸಾದಲ್ಲಿ ಮಕ್ಕಳು ಶಾಲೆಗೆ ಹೋಗಬೇಕಿತ್ತು, ಮನೆಯವರು ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಬೇಕಿತ್ತು. ಆಗಲೇ ದುಡ್ಡು. ಗೃಹಲಕ್ಷ್ಮಿಗೆ ಅಂಥ ಷರತ್ತಿಲ್ಲ. ಏನಕ್ಕೆ ಖರ್ಚು ಮಾಡಿದೆಯಮ್ಮಾ ಅಂತ ಯಾರೂ ಕೇಳುವುದಿಲ್ಲ.

ಇದರಿಂದ ಬಡವರ ಬದುಕಿನಲ್ಲಿ ಏನು ಬದಲಾಗುತ್ತದೆ? ಕೊಡಗಿನ ಕಾಫಿ ತೋಟದಲ್ಲಿ ಕೂಲಿಯವರು ಇರುವ ಒಂದು ಲೈನ್‌ಮನೆಯ ವರ್ಷವನ್ನೇ ನೋಡೋಣ. ನವೆಂಬರ್‌ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ, ಅದರ ಹಿಂದೆಯೇ ರೊಬಸ್ಟಾ. ಫೆಬ್ರವರಿ, ಮಾರ್ಚ್‌ವರೆಗೂ ಕೊಯ್ಲು. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಜಾಸ್ತಿ ಕೊಯ್ದರೆ ಜಾಸ್ತಿ ದುಡ್ಡು. ಜೂನ್‌ನಲ್ಲಿ ಮಳೆ ಹಿಡಿದರೆ ಕೆಲಸದ ದಿನಗಳು ಕಮ್ಮಿಯಾಗುತ್ತವೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ, ಮಕ್ಕಳಿಗೆ ಜ್ವರ ಬರುವುದೂ ಅದೇ ಹೊತ್ತಿಗೆ. ಆಗ ಇರುವ ದಾರಿ ಒಂದೇ, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮುಂಗಡ ಕೇಳುವುದು. ಮುಂಗಡ ತೆಗೆದುಕೊಂಡವರು ಕೊಯ್ಲಿನ ಕಾಲದಲ್ಲಿ ಪಕ್ಕದ ತೋಟದಲ್ಲಿ ಎರಡು ಕಾಸು ಹೆಚ್ಚು ಕೊಟ್ಟರೂ ಹೋಗುವ ಹಾಗಿಲ್ಲ. ಮೊದಲು ಲೆಕ್ಕ ಚುಕ್ತಾ ಆಗಬೇಕು.

ಈಗ ಲೆಕ್ಕ ಹಾಕಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 2,000 ಅಂದರೆ ಐದೂವರೆ ದಿನದ ಕೂಲಿಗಿಂತಲೂ ಸ್ವಲ್ಪ ಕಮ್ಮಿ. ಅದರಲ್ಲಿ ಸಂಸಾರ ನಡೆಯುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ, ಕೆಲಸವಿಲ್ಲದಾಗ, ಹೆಂಗಸಿನ ಖಾತೆಗೆ ಬಂದು ಬಿದ್ದರೆ ಅಷ್ಟರ ಮಟ್ಟಿಗೆ ಮುಂಗಡ ತಪ್ಪುತ್ತದೆ. ನನಗೆ ಮುಖ್ಯ ಅನ್ನಿಸುವುದು ಇದೇ. ಹೊಟ್ಟೆಗೆ ಎಷ್ಟು ಹೋಯಿತು ಅನ್ನುವುದರ ಜೊತೆಗೆ, ಡಿಸೆಂಬರ್‌ನಲ್ಲಿ ಕೂಲಿ ಎಷ್ಟು ಕೊಡ್ತೀರಿ ಅಂತ ಕೇಳುವ ಧೈರ್ಯ ಎಷ್ಟು ಬಂತು ಅಂತಲೂ ನೋಡಬೇಕು.

‘ದುಡ್ಡು ಬರೋಕೆ ಶುರುವಾದ ಮೇಲೆ ಕೆಲಸಕ್ಕೆ ಜನಾನೇ ಸಿಗ್ತಿಲ್ಲ’ ಅನ್ನುವ ಮಾತು ಬೆಳೆಗಾರರ ಬಾಯಲ್ಲಿ ಸಾಮಾನ್ಯ. ಅವರ ಕಷ್ಟ ಸುಳ್ಳಲ್ಲ, ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ನಷ್ಟ ಅವರಿಗೇ. ಆದರೆ ಸೋಮಾರಿತನದ ಆರೋಪಕ್ಕೆ ಆಧಾರ ಸಿಗುವುದಿಲ್ಲ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ದೇಶಗಳ ಏಳು ನಗದು ವರ್ಗಾವಣೆ ಯೋಜನೆಗಳನ್ನು ಪರಿಶೀಲಿಸಿ 2017ರಲ್ಲಿ ಬರೆದರು: ದುಡ್ಡು ಬಂದಿತೆಂದು ಜನ ದುಡಿಯುವುದನ್ನು ಬಿಟ್ಟಿದ್ದು ಕಾಣಲಿಲ್ಲ. ಮುಂಗಡದ ಹಂಗಿಲ್ಲದೆ ಕೂಲಿ ಚೌಕಾಸಿ ಮಾಡುವವರೂ, ಕೆಲಸ ಬೇಡ ಅನ್ನುವವರೂ ತೋಟದ ಗೇಟಿನ ಒಳಗಿನಿಂದ ನೋಡಿದರೆ ಒಂದೇ ಥರ ಕಾಣುತ್ತಾರೆ, ಅಲ್ವಾ?

ಕುಡಿದು ಹಾಳು ಮಾಡುತ್ತಾರೆ ಅನ್ನುವ ಮಾತೂ ಉಂಟು. ಪಶ್ಚಿಮ ಕೀನ್ಯಾದಲ್ಲಿ ಷರತ್ತಿಲ್ಲದೆ ದುಡ್ಡು ಕೊಟ್ಟು ನೋಡಿದಾಗ ಹೆಂಡ, ತಂಬಾಕಿನ ಖರ್ಚು ಏರಲಿಲ್ಲ. ಜನ ದನ ಕರು ಕೊಂಡರು, ಮನೆಗೆ ತಗಡು ಹೊದಿಸಿದರು. ಅಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ತಿಂಗಳು ತಿಂಗಳು ಕೊಟ್ಟರೆ ಊಟದ ಚಿಂತೆ ಕಮ್ಮಿಯಾಗುತ್ತದೆ, ಇಡಿಗಂಟಾಗಿ ಕೊಟ್ಟರೆ ತಗಡಿನಂಥ ಬಾಳಿಕೆಯ ವಸ್ತು ಮನೆಗೆ ಬರುತ್ತದೆ. ಹಾಗಾಗಿ ಕಂತು ತಡವಾಗುವುದನ್ನು ಸಣ್ಣ ವಿಷಯ ಅನ್ನಬಾರದು. ಜುಲೈ ದುಡ್ಡು ಅಕ್ಟೋಬರ್‌ನಲ್ಲಿ ಬಂದರೆ ಮೊತ್ತ ಅಷ್ಟೇ ಇರುತ್ತದೆ, ಆದರೆ ಅಷ್ಟರಲ್ಲಿ ಮುಂಗಡ ಬರೆಸಿ ಆಗಿರುತ್ತದೆ.

ಹಾಗಂತ ದುಡ್ಡೇ ಎಲ್ಲದಕ್ಕೂ ಮದ್ದಲ್ಲ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು 2023ರ ಜುಲೈನಿಂದ ತಲೆಗೆ 170 ರೂಪಾಯಿ ಕೊಟ್ಟರು, 2025ರಲ್ಲಿ ಮತ್ತೆ ಅಕ್ಕಿಗೇ ಬಂದರು. ಕಾಡಂಚಿನ ಆದಿವಾಸಿಗಳ ಹಾಡಿಯಿಂದ ಅಂಗಡಿಗೆ ಹೋಗಿ ಬರುವ ಜೀಪಿನ ಬಾಡಿಗೆ ಕಳೆದರೆ ಆ 170ರಲ್ಲಿ ಎಷ್ಟು ಉಳಿದೀತು? ಜೇನುಕುರುಬರು, ಯರವರಿಗೆ ಸರ್ಕಾರ ಮೊಟ್ಟೆ, ತುಪ್ಪ, ಬೇಳೆ, ಬೆಲ್ಲವನ್ನು ಕಿಟ್ ಮಾಡಿ ಹಾಡಿಗೇ ತಲುಪಿಸುವುದು ಸರಿಯಾಗಿಯೇ ಇದೆ.

ಇನ್ನು ಯಾರ ಕೈಗೆ ಸಿಗುವುದಿಲ್ಲ ಅಂತ ನೋಡಿದರೆ, ಪಿಎಂ ಕಿಸಾನ್‌ಗೆ ಹೆಸರಿನಲ್ಲಿ ಜಮೀನು ಇರಬೇಕು, ಲೈನ್‌ಮನೆಯವರಿಗೆ ಅದೆಲ್ಲಿಂದ ಬರಬೇಕು. ಗೃಹಲಕ್ಷ್ಮಿಗೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿರಬೇಕು, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ವರ್ಷಗಟ್ಟಲೆ ಕತ್ತಿ ಹಿಡಿದು ಸವೆದ ಬೆರಳನ್ನು ಬೆರಳಚ್ಚಿನ ಯಂತ್ರ ಒಂದೇ ಸಲಕ್ಕೆ ಒಪ್ಪುವುದೂ ಕಷ್ಟ. ಅಸ್ಸಾಮಿನಿಂದ ಬಂದು ಇಲ್ಲಿಯ ತೋಟಗಳಲ್ಲಿ ದುಡಿಯುವವರ ಕಥೆ ಇನ್ನೂ ಬೇರೆ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಅವರು ತಮ್ಮೂರಿನ ಕಾರ್ಡ್ ತೋರಿಸಿ ಇಲ್ಲಿ ಅಕ್ಕಿ ಪಡೆಯಬಹುದು. ಗೃಹಲಕ್ಷ್ಮಿ ದುಡ್ಡಿಗೆ ಮಾತ್ರ ಆ ಕಾರ್ಡ್ ನಡೆಯುವುದಿಲ್ಲ.