ಮೇನ್ ಸ್ವಿಚ್ ಆಫ್ ಮಾಡಿದರೂ ಬೋಟಿನ ಬ್ಯಾಟರಿ ಇಳಿಯುವುದೇಕೆ?

ಪ್ರಶ್ನೆ: ಮೂರ್ನಾಲ್ಕು ತಿಂಗಳು ಬೋಟ್ ಬಳಸುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿಯೇ ಬರುತ್ತೇನೆ. ಆದರೂ ಮತ್ತೆ ಹೋಗಿ ನೋಡಿದರೆ ಬ್ಯಾಟರಿ ಪೂರ್ತಿ ಡೌನ್ ಆಗಿರುತ್ತದೆ. ಚಾರ್ಜರ್ ಸದಾ ಹಾಕಿಯೇ ಇಡಬೇಕೇ?

ಉತ್ತರ: ಚಾರ್ಜರ್ ವಿಚಾರ ಆಮೇಲೆ ನೋಡೋಣ. ಕರೆಂಟ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಿ. ಬಿಲ್ಜ್ ಪಂಪಿನ (ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪ್) ಆಟೋಮ್ಯಾಟಿಕ್ ಸ್ವಿಚ್, ಗ್ಯಾಸ್ ಅಲಾರಂ, ಸ್ಟೀರಿಯೋದ ಮೆಮೊರಿ ವೈರ್ ಇವನ್ನೆಲ್ಲ ಎಷ್ಟೋ ಬೋಟುಗಳಲ್ಲಿ ಮೇನ್ ಸ್ವಿಚ್‌ಗೆ ಸೇರಿಸದೆ ನೇರವಾಗಿ ಬ್ಯಾಟರಿಗೇ ಕೊಟ್ಟಿರುತ್ತಾರೆ. ಸ್ವಿಚ್ ಆಫ್ ಇದ್ದರೂ ಇವು ಎಳೆಯುತ್ತಲೇ ಇರುತ್ತವೆ.

ಅಳೆದು ನೋಡುವುದು ಕಷ್ಟವೇನಲ್ಲ. ಎಲ್ಲವನ್ನೂ ಆಫ್ ಮಾಡಿ ನೆಗೆಟಿವ್ ಕೇಬಲ್ ಬಿಚ್ಚಿ. ಮಲ್ಟಿಮೀಟರನ್ನು 10 ಆಂಪ್ ರೇಂಜಿಗಿಟ್ಟು, ಒಂದು ಪ್ರೋಬನ್ನು ಬಿಚ್ಚಿದ ಕೇಬಲ್ಲಿಗೂ ಇನ್ನೊಂದನ್ನು ನೆಗೆಟಿವ್ ಟರ್ಮಿನಲ್ಲಿಗೂ ಹಿಡಿಯಿರಿ. ಆಗ ಪಂಪ್ ಓಡುತ್ತಿರಬಾರದು, ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಮೀಟರ್ 0.05 ಆಂಪ್ ತೋರಿಸಿತು ಅನ್ನಿ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅದು ದಿನಕ್ಕೆ 1.2 ಆಂಪಿಯರ್-ಅವರ್ (ಎಎಚ್), ತಿಂಗಳಿಗೆ 36. ಪೂರ್ತಿ ಚಾರ್ಜ್ ಆಗಿದ್ದ 100 ಎಎಚ್ ಬ್ಯಾಟರಿ ಮೂರು ತಿಂಗಳೊಳಗೆ ಖಾಲಿ!

ಖಾಲಿಯಾಗುವುದಕ್ಕಿಂತ ಖಾಲಿಯಾಗಿ ಹಾಗೇ ಬಿದ್ದಿರುವುದು ಹೆಚ್ಚು ಹಾನಿ. ಲೆಡ್-ಆಸಿಡ್ ಬ್ಯಾಟರಿ ಇಳಿದಂತೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದಾಗ ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ. 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. 12.2 ಎಂದರೆ ಅರ್ಧ ಹೋಗಿದೆ.

ಬೋಟ್ ದಡದ ಮೇಲಿದ್ದರೆ ಕೆಲಸ ಸುಲಭ: ಪೂರ್ತಿ ಚಾರ್ಜ್ ಮಾಡಿ, ಕೇಬಲ್ ಬಿಚ್ಚಿ, ತಂಪಾದ ಜಾಗದಲ್ಲಿಡಿ. ಬ್ಯಾಟರಿ ತಾನಾಗಿಯೂ ಸ್ವಲ್ಪ ಇಳಿಯುತ್ತದೆ, ಸೆಖೆ ಹೆಚ್ಚಿದ್ದಷ್ಟೂ ಬೇಗ. ಹಾಗಾಗಿ ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ.

ನೀರಿನಲ್ಲೇ ನಿಂತಿದ್ದರೆ ಮಾತ್ರ ಬಿಲ್ಜ್ ಪಂಪಿನ ವೈರ್ ದಯವಿಟ್ಟು ಬಿಚ್ಚಬೇಡಿ. ಬ್ಯಾಟರಿ ಉಳಿಸಲು ಹೋಗಿ ಬೋಟ್ ಮುಳುಗಿಸಿಕೊಂಡಂತಾದೀತು. ಇಲ್ಲಿ ನಿರಂತರ ಚಾರ್ಜಿಂಗ್ ಬೇಕೇ ಬೇಕು. ಅದಕ್ಕೆ ನನ್ನ ಆಯ್ಕೆ ಚಿಕ್ಕ ಸೋಲಾರ್ ಪ್ಯಾನೆಲ್, ಜೊತೆಗೆ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್. ಬೋಟಿನ ಕವರ್ ಅಡಿಯಲ್ಲೋ ನೆರಳಲ್ಲೋ ಸಿಕ್ಕಿಕೊಳ್ಳದಂತೆ ಪ್ಯಾನೆಲ್ ಕೂರಿಸಿ. ದಡದ ಕರೆಂಟಿನಿಂದ ಚಾರ್ಜರ್ ಹಾಕುವುದಾದರೆ, ಬ್ಯಾಟರಿ ತುಂಬಿದ ಮೇಲೆ ತಾನೇ 13.2ರಿಂದ 13.6 ವೋಲ್ಟಿನ ಫ್ಲೋಟ್ ಹಂತಕ್ಕೆ (ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದುಕೊಳ್ಳುವ ಹಂತ) ಇಳಿಯುವ ಚಾರ್ಜರೇ ಆಗಬೇಕು. ಒಂದೇ ಸಮ ಕರೆಂಟ್ ತಳ್ಳುವ ಹಳೇ ಮಾದರಿಯದು ತಿಂಗಳುಗಟ್ಟಲೆ ಓಡಿದರೆ ಬ್ಯಾಟರಿಯ ನೀರನ್ನೇ ಆರಿಸಿಬಿಡುತ್ತದೆ. ದಡದ ಅರ್ತ್ ವೈರಿನ ಮೂಲಕ ಅಕ್ಕಪಕ್ಕದ ಬೋಟುಗಳ ಲೋಹದೊಂದಿಗೆ ಸಂಪರ್ಕವಾಗಿ ನಿಮ್ಮ ಬೋಟಿನ ಲೋಹದ ಭಾಗಗಳು ಸವೆಯುವುದೂ ಉಂಟು. ಈ ಸವೆತಕ್ಕೆ ಕಾರಣವಾಗುವ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿಕೊಳ್ಳಿ.

ಲಿಥಿಯಂ ಬ್ಯಾಟರಿಯಾದರೆ ಲೆಕ್ಕವೇ ಬೇರೆ. ಅದನ್ನು ತುಂಬಿಸಿ ಇಡಬಾರದು: ಅರ್ಧದಷ್ಟು ಚಾರ್ಜ್ ಉಳಿಸಿ, ಬೋಟ್ ದಡದ ಮೇಲಿದ್ದರೆ ಕೇಬಲ್ ಬಿಚ್ಚಿಡಿ. ಅದಕ್ಕೆ ಫ್ಲೋಟ್ ಚಾರ್ಜಿಂಗ್ ಅಗತ್ಯವಿಲ್ಲ.