ನೀರು ಕಾಯಿಸಿ ಹಾಕಿದರೆ ಆರ್ಕಿಡ್‌ಗೆ ಒಳ್ಳೆಯದೇ?

ಪ್ರಶ್ನೆ: ನಮ್ಮದು ಕಲಬುರಗಿ. ಆರ್ಕಿಡ್‌ಗಳಿಗೆ ನಳದ ನೀರು, ಅದು ಬರದ ದಿನ ಬೋರಿನ ನೀರು ಹಾಕುತ್ತೇವೆ. ಎಲೆಯ ತುದಿ ಒಣಗಿ ಕಪ್ಪಾಗುತ್ತಿದೆ, ಕುಂಡದ ಇದ್ದಿಲಿನ ಮೇಲೆ ಬಿಳಿ ಪುಡಿ ಕೂತಿದೆ. ನೀರು ಕಾಯಿಸಿ, ಆರಿಸಿ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಪೂರ್ತಿ ಸರಿಹೋಗುವುದಿಲ್ಲ. ಕುದಿಸಿದಾಗ ಸುಣ್ಣದ ಒಂದು ಭಾಗ ಪಾತ್ರೆಯ ತಳಕ್ಕೆ ಕಟ್ಟಿಕೊಳ್ಳುತ್ತದೆ, ನಿಜ. ಆದರೆ ಸೋಡಿಯಂ, ಕ್ಲೋರೈಡ್, ಸಲ್ಫೇಟ್ ನೀರಿನಲ್ಲೇ ಉಳಿಯುತ್ತವೆ. ಆವಿಯಾಗಿ ನೀರು ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಇನ್ನೂ ಹೆಚ್ಚುತ್ತದೆ. ಸುಮ್ನೆ ಗ್ಯಾಸ್ ಖರ್ಚು. ರಾತ್ರಿಯಿಡೀ ಬಕೆಟ್‌ನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗಬಹುದು, ಗಡಸುತನ ಹೋಗುವುದಿಲ್ಲ.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರುವುದು ಸುಣ್ಣಕಲ್ಲು. ಅಂಥ ನೆಲದ ಬೋರಿನ ನೀರು ಕಲ್ಲಿನ ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ನಾವು ಮನೆಯಲ್ಲಿ ಬೆಳೆಸುವ ಹೆಚ್ಚಿನ ಆರ್ಕಿಡ್‌ಗಳೋ ಮರದ ಮೇಲೆ ಮಳೆ, ಇಬ್ಬನಿ ಕುಡಿದು ಬದುಕುವ ಗಿಡಗಳು. ಬೇರಿನ ಸುತ್ತ ಇರುವ ಬಿಳಿ ಪದರ ನೀರನ್ನು ಹೀರಿಟ್ಟುಕೊಳ್ಳುತ್ತದೆ. ನೀರು ಆರುತ್ತದೆ, ಲವಣ ಅಲ್ಲೇ ಕೂರುತ್ತದೆ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ನೀರು ಜಾಸ್ತಿ ಹಾಕಲೇಬೇಕು. ಹಾಕಿದಷ್ಟೂ ಲವಣವೂ ಸೇರುತ್ತಾ ಹೋಗುತ್ತದೆ. ಆ ಬಿಳಿ ಪುಡಿ ಅದೇ.

ಮೊದಲು ಟಿಡಿಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂಬುದನ್ನು ಅಳೆಯಿರಿ. ಆರ್‌ಓ (ಕುಡಿಯುವ ನೀರು ಶುದ್ಧೀಕರಿಸುವ ಯಂತ್ರ) ರಿಪೇರಿಗೆ ಬರುವವರ ಹತ್ತಿರ ಮೀಟರ್ ಇರುತ್ತದೆ. ನಳ, ಬೋರು ಎರಡನ್ನೂ ಬೇರೆಬೇರೆಯಾಗಿ ನೋಡಿಸಿ. 200ರೊಳಗಿದ್ದರೆ ಚಿಂತೆ ಬೇಡ. 500 ದಾಟಿದ ನೀರನ್ನು ಹಾಗೇ ಹಾಕಬೇಡಿ, ಬೆರೆಸಿ. ಬೋರಿನ ನೀರು 600, ಆರ್‌ಓ ನೀರು 50 ಇದೆ ಅನ್ನಿ. ಒಂದು ಚೊಂಬು ಬೋರಿನ ನೀರಿಗೆ ಮೂರು ಚೊಂಬು ಆರ್‌ಓ ನೀರು ಸೇರಿಸಿದರೆ ಸುಮಾರು 190ಕ್ಕೆ ಇಳಿಯುತ್ತದೆ. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಮಳೆ ನೀರು ಇನ್ನೂ ಒಳ್ಳೆಯದು. ಮೊದಲ ಮಳೆ ಬಿಟ್ಟು ಹಿಡಿಯಿರಿ, ಡ್ರಮ್ಮಿಗೆ ಬಟ್ಟೆ ಬಿಗಿಯಿರಿ, ಇಲ್ಲದಿದ್ದರೆ ಸೊಳ್ಳೆ.

ಕೂಲರ್ ತೊಟ್ಟಿಯಲ್ಲಿ ಉಳಿದ ನೀರು ಮಾತ್ರ ಬೇಡವೇ ಬೇಡ. ಅದು ಆವಿಯಾಗಿ ಆಗಿ ನಳದ ನೀರಿಗಿಂತ ಹೆಚ್ಚು ಸವಳಾಗಿರುತ್ತದೆ. ಆರ್‌ಓ ಹೊರಗೆ ಬಿಡುವ ನೀರೂ ಅಷ್ಟೇ. ಗಡಸುತನ ಇಳಿಸಲು ಬಳಸುವ, ಉಪ್ಪು ತುಂಬುವ ಸಾಫ್ಟನರ್ ಯಂತ್ರದ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಬೇಡ.

ಈಗಿರುವ ಗಿಡಕ್ಕೆ ಹಳೆಯ ಇದ್ದಿಲು ತೆಗೆದು ಹೊಸದು ಹಾಕಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಹೊತ್ತು, ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಒಳ್ಳೆಯ ನೀರು ಸುರಿಯಿರಿ. ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗಕ್ಕೆ ಇಳಿಸಿ, ಗೊಬ್ಬರವೂ ಲವಣವೇ ಅಲ್ವಾ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆಯ ತುದಿಯನ್ನು ನೋಡುತ್ತಿರಿ.